ಬೆಳ್ಳನೆಯ ಜಟ್ಟಿ

ಶೆಟ್ಟೆಪ್ಪ ಪೈಲವಾನನ ಬಾಯಿಂದ ಒಮ್ಮೆ ‘ಇಲ್ಲ’ ಎಂದು ಬಿದ್ದರೆ ಅದನ್ನು ‘ಹೂಂ’ ಮಾಡಿಸಿದವರು ಮುಂಬಯಿಯ ಇಡೀ ಕುರ್ಲಾದಲ್ಲಿ ಯಾರೂ ಇರಲಿಲ್ಲ. ಅವನು ದುಡಿದ ರೈಲ್ವೆ ಕಾರ್‌ಶೆಡ್ಡಿನ ಸಾಹೇಬರಿಂದ ಆಗಿರಲಿಲ್ಲ, ಬೆಳೆದು ನಿಂತ ಗಂಡುಮಕ್ಕಳಿಂದ ಆಗಿರಲಿಲ್ಲ, ಐವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿ ರಾಚವ್ವನಿಂದಂತೂ ಆಗಿರಲೇ ಇಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಅವನು; ನಾಲ್ಕನೆಯ ಕಾಲನ್ನು ಕಣ್ಣೆದುರು ಹಿಡಿದು ತೋರಿಸಿದರೆ, ಅದು ಬಾಲ ಎಂದುಬಿಡುವವನು. ಹತ್ತೊಂಬತ್ತು ವರ್ಷದ ಮೊಮ್ಮಗಳು ಶೈಲಾ ಒಂದೇ ವಾರದಲ್ಲಿ ಮೂರು ಸಲ ಕೇಳಿದ್ದಳು. ಮೂರು ಸಲವೂ ‘ಇಲ್ಲ’ ಎಂದಿದ್ದ.

ಅವಳು ಕೇಳಿದ್ದು ಬಂಗಾರವನ್ನಲ್ಲ, ಮಣ್ಣನ್ನು.

ಕುರ್ಲಾ ಸ್ಟೇಷನ್ನಿನ ಪೂರ್ವಕ್ಕೆ, ರೈಲ್ವೆ ಗೋಡೆಗೆ ಬೆನ್ನು ಕೊಟ್ಟುಕೊಂಡು ಶ್ರೀ ಮಾರುತಿ ಕನ್ನಡಿಗರ ತಾಲೀಮು, ಅಂದರೆ ಗರಡಿಮನೆ, ಇದೆ. ತಗಡಿನ ಮಾಡು, ಒಳಗೆ ಇಪ್ಪತ್ತು ಅಡಿ ಉದ್ದಗಲದ ಕೆಮ್ಮಣ್ಣಿನ ಕಣ, ಮೂಲೆಯಲ್ಲಿ ಗದೆ ಹೊತ್ತ ಹನುಮಪ್ಪ. ಬೆಳಗಾವಿ, ಧಾರವಾಡ, ವಿಜಾಪುರದ ಕಡೆಯಿಂದ ಗಿರಣಿಗೂ ರೈಲ್ವೆಗೂ ದುಡಿಯಲು ಬಂದ ಹುಡುಗರು ಸೇರಿ ಕಟ್ಟಿದ್ದು. ಬೈಲಹೊಂಗಲದಿಂದ ಮೀಸೆ ಚಿಗುರುವ ವಯಸ್ಸಿನಲ್ಲಿ ಬಂದ ಶೆಟ್ಟೆಪ್ಪ ಅಲ್ಲಿ ಇಪ್ಪತ್ತು ವರ್ಷ ಕುಸ್ತಿ ಹಿಡಿದ. ಆಮೇಲೆ ಮೂವತ್ತೆರಡು ವರ್ಷದಿಂದ ಹುಡುಗರಿಗೆ ಕಲಿಸುವ ಉಸ್ತಾದನಾಗಿ ಕೂತಿದ್ದಾನೆ. ಆ ಮಣ್ಣಿಗೆ ಎಳ್ಳೆಣ್ಣೆ ಸುರಿದವನು ಅವನು, ಅರಿಸಿನ ಕಲಸಿದವನು ಅವನು, ಮಜ್ಜಿಗೆ ಹೊಯ್ದು ಹದ ಮಾಡಿದವನು ಅವನು. ಆ ಮಣ್ಣನ್ನು ಹೆಣ್ಣು ತುಳಿಯಬಾರದು. ಹನುಮಪ್ಪ ಬ್ರಹ್ಮಚಾರಿ. ಇದನ್ನು ಯಾವ ಬೋರ್ಡಿನಲ್ಲೂ ಬರೆದಿಲ್ಲ, ಬರೆಯುವ ಅಗತ್ಯವೂ ಬಿದ್ದಿರಲಿಲ್ಲ.

ಶೈಲಾ ಕುಸ್ತಿ ಆಡುವುದಕ್ಕೆ ಅವನ ತಕರಾರೇನೂ ಇರಲಿಲ್ಲ, ಅಷ್ಟು ನ್ಯಾಯ ಹೇಳಬೇಕು. ಅವಳು ಮುಲುಂಡಿನ ಸ್ಪೋರ್ಟ್ಸ್ ಹಾಲ್‌ನಲ್ಲಿ ರಬ್ಬರ್ ಮ್ಯಾಟಿನ ಮೇಲೆ ಆಡುತ್ತಿದ್ದಳು. ಜಿಲ್ಲೆಗೇ ಮೊದಲಿಗಳಾಗಿ ಬಂದಾಗ ಆ ಪದಕವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹದಿನೈದು ದಿನ ಚಹಾದಂಗಡಿ ಸುತ್ತಿದವನು ಇದೇ ಅಜ್ಜ. ಆದರೆ ಈ ಸಲದ ಮೊದಲ ಮಳೆಗೆ ಮುಲುಂಡಿನ ಆ ಹಾಲ್‌ನ ಮಾಡು ಕುಸಿಯಿತು. ದೀಪಾವಳಿಯ ತನಕ ಬೀಗ. ರಾಜ್ಯದ ಆಯ್ಕೆಯ ಕುಸ್ತಿಗೆ ಇಪ್ಪತ್ತು ದಿನ ಉಳಿದಿತ್ತು. ಶೈಲಾಗೂ, ಅವಳ ಜೋಡಿ ಯಕ್ಷಿತಾಗೂ ಕುಸ್ತಿ ಹಿಡಿಯಲು ಒಂದು ಜಾಗವಿಲ್ಲ. ಯಕ್ಷಿತಾ ಮುಲುಂಡಿನ ಉಡುಪಿ ಹೋಟೆಲೊಂದರ ಯಜಮಾನರ ಮಗಳು. ಇಬ್ಬರೂ ಹೋಟೆಲಿನ ಟೆರೇಸಿನ ಮೇಲೆ ಎರಡು ದಿನ ಹಾಸಿಗೆ ಹಾಸಿ ಆಡಿ, ಮೊಣಕೈ ತರಚಿಕೊಂಡು ಬಿಟ್ಟಿದ್ದರು.

“ಅಜ್ಜಾ, ಬೆಳಗ್ಗೆ ಎಂಟರ ಮ್ಯಾಲ ತಾಲೀಮು ಖಾಲಿ ಇರ್ತೈತಿ. ಎರಡು ತಾಸು. ಬಸ್,” ಎಂದಿದ್ದಳು ಶೈಲಾ.

“ಮ್ಯಾಟ್ ಮ್ಯಾಟs, ಮಣ್ಣು ಮಣ್ಣs. ಇಲ್ಲಂದ್ರ ಇಲ್ಲ.”

ನಾಲ್ಕನೆಯ ಸಲ ಅವಳು ಕೇಳಲಿಲ್ಲ. ಶನಿವಾರ ಸಂಜೆ ಅಜ್ಜನ ಪಕ್ಕದಲ್ಲಿ ಬಂದು ಕೂತು, ಬೇರೆಯೇ ಮಾತು ತೆಗೆದಳು.

“ಅಜ್ಜಾ, ನಾಳೆ ಫ್ರೀ ಇದ್ದೀಯೇನು? ಫೋರ್ಟ್‌ನಾಗ ಮ್ಯೂಸಿಯಮ್ ಐತೆಲ್ಲಾ, ಅಲ್ಲಿ ಗ್ರೀಸ್ ದೇಶದಿಂದ ಹಳೇ ಮೂರ್ತಿ ಬಂದಾವ. ಕಾಲೇಜಿಂದ ನಾ ಹೋಗಿದ್ದೆ. ಪೈಲವಾನ್ರ ಮೂರ್ತಿ. ಢಾಈ ಹಜಾರ್ ಸಾಲ್ ಪುರಾನಾ.”

“ಪೈಲವಾನ್ರದು?”

“ಹಾಂ. ನೋಡಿ ಏನಾದ್ರೂ ಹೇಳೋರು ಬೇಕಲ್ಲ. ನನಗೇನು ತಿಳೀತೈತಿ?”

ಒಲೆಯ ಹತ್ತಿರ ರೊಟ್ಟಿ ಬಡಿಯುತ್ತಿದ್ದ ರಾಚವ್ವ ಬೆನ್ನು ತಿರುಗಿಸಿಕೊಂಡೇ ನಕ್ಕಳು. ಮೊಮ್ಮಗಳು ಗಾಳ ಹಾಕುತ್ತಿದ್ದಾಳೆಂದು ಅವಳಿಗೆ ಗೊತ್ತಾಯಿತು. ಮೀನಿಗೆ ಗೊತ್ತಾಗಲಿಲ್ಲ. ಶೆಟ್ಟೆಪ್ಪ ಆಗಲೇ ಎದ್ದು, ಇಸ್ತ್ರಿಯ ಧೋತರ ಎಲ್ಲಿದೆ ಎಂದು ಕೇಳುತ್ತಿದ್ದ.

ಭಾನುವಾರ ಹಳಿ ದುರಸ್ತಿಯ ಮೆಗಾಬ್ಲಾಕು. ಲೋಕಲ್ ಕುಂಟುತ್ತ ಸಿಎಸ್‌ಟಿ ಮುಟ್ಟುವ ಹೊತ್ತಿಗೆ ಹನ್ನೊಂದು ದಾಟಿತ್ತು. ಮ್ಯೂಸಿಯಮ್ಮಿನ ಗ್ರೀಕ್ ಕೋಣೆಯ ಬಾಗಿಲಲ್ಲಿ ಶೆಟ್ಟೆಪ್ಪ ತಲೆಯ ಪಟಕಾ ಸರಿಮಾಡಿಕೊಂಡು, ಚಪ್ಪಲಿ ಕಳಚಿ ಗೋಡೆಗೆ ಒತ್ತಿ ಇಟ್ಟ. ಕಾವಲಿನವನು, “ಕಾಕಾ, ಚಪ್ಪಲ್ ಪೆಹೆನೋ, ಯೇ ಮಂದಿರ್ ನಹೀಂ ಹೈ,” ಎಂದ. ಪೈಲವಾನರಿರುವ ಜಾಗಕ್ಕೆ ಚಪ್ಪಲಿಯಲ್ಲಿ ಹೋಗುವ ರೂಢಿ ತನ್ನ ಏಳು ತಲೆಯಲ್ಲೂ ಇಲ್ಲ ಎಂದು ಶೆಟ್ಟೆಪ್ಪ ಬರಿಗಾಲಲ್ಲೇ ಒಳಗೆ ಹೋದ.

ಹೋದವನು ಮೊದಲ ಮೂರ್ತಿಯ ಮುಂದೆಯೇ ಗಕ್ಕನೆ ನಿಂತ. ಆಳೆತ್ತರದ ಕಲ್ಲಿನ ತರುಣ. ಒಳ್ಳೆಯ ಎದೆ, ಒಳ್ಳೆಯ ತೊಡೆ, ಆದರೆ ಮೈಮೇಲೆ ಒಂದೆಳೆ ದಾರವಿಲ್ಲ.

“ಲಂಗೋಟಿ ಎಲ್ಲಿ?”

“ಅವ್ರು ಹಂಗs ಆಡ್ತಿದ್ರು, ಅಜ್ಜಾ.”

“ಹಂಗs ಅಂದ್ರ? ಹುಟ್ಟಿದ ಮೈಲೆ? ಮಂದಿ ಮುಂದ?” ಶೆಟ್ಟೆಪ್ಪನ ದನಿ ಏರಿತು. “ಲಂಗೋಟಿ ಕಟ್ಟದಂವ ಎಂಥಾ ಪೈಲವಾನ? ಇವನ ಉಸ್ತಾದ ಯಾವಂವ? ಕರೀ ಅವನ್ನ.”

ಆ ಉಸ್ತಾದ ಸತ್ತು ಎರಡೂವರೆ ಸಾವಿರ ವರ್ಷವಾಗಿದೆ ಎಂದು ಶೈಲಾ ಸಮಾಧಾನ ಮಾಡಿದಳು. ಶೆಟ್ಟೆಪ್ಪ ಮುಖ ಸಿಂಡರಿಸಿ, ಮೂರ್ತಿಯ ಸೊಂಟದ ಮೇಲಷ್ಟೇ ನೋಡುತ್ತ ಮುಂದೆ ನಡೆದ.

ಅವನ ಸಿಟ್ಟು ಇಳಿದದ್ದು ಒಂದು ಮುರುಕು ತಲೆಯ ಎದುರಿಗೆ. ಮೂಗು ಹೋಗಿತ್ತು, ಗದ್ದ ಅರ್ಧ ಹೋಗಿತ್ತು. ಆದರೆ ಎರಡೂ ಕಿವಿ ಉಳಿದಿದ್ದವು. ಊದಿಕೊಂಡ, ಮುದುಡಿದ, ಒಣಗಿದ ಅಣಬೆಯಂಥ ಕಿವಿಗಳು. ಶೆಟ್ಟೆಪ್ಪ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಪಟಕಾದ ಅಂಚು ಸರಿಸಿ ತನ್ನ ಕಿವಿ ಮುಟ್ಟಿಕೊಂಡ. ಅದೇ ಅಳತೆ, ಅದೇ ಮುರುಟು. ಎದುರಾಳಿಯ ತಲೆಗೆ ತಲೆ ತಿಕ್ಕಿ ತಿಕ್ಕಿ, ರಕ್ತ ಕಟ್ಟಿ, ಗಟ್ಟಿಯಾದ ಪೈಲವಾನನ ಕಿವಿ.

“ಇಂವ ಖರೇ ಮನಷ್ಯಾ,” ಎಂದ, ಕಣ್ಣು ತುಂಬಿಕೊಂಡು. “ಇವನ ಹೆಸರ ಏನಂತ ಬರದಾರ ನೋಡವಾ.”

ಹೆಸರು ಯಾರಿಗೂ ಗೊತ್ತಿಲ್ಲ ಎಂದು ಬರೆದಿತ್ತು. ಶೆಟ್ಟೆಪ್ಪನಿಗೆ ನಿಜವಾಗಿ ದುಃಖವಾಯಿತು. ಅಷ್ಟು ಕುಸ್ತಿ ಹಿಡಿದ ಕಿವಿಗೆ ಒಂದು ಹೆಸರು ಉಳಿಯಬಾರದೇ?

ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿರಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಕುಡುಗೋಲಿನಂತೆ ಬಾಗಿದ ಒಂದು ಕಂಚಿನ ಪಟ್ಟಿ, ಪಕ್ಕದಲ್ಲಿ ಹಿಡಿಗಾತ್ರದ ಎಣ್ಣೆಕುಡಿಕೆ ಇತ್ತು. ಚೀಟಿಯಲ್ಲಿ ಏನಿದೆ ಎಂದು ಶೈಲಾ ಓದುವ ಮೊದಲೇ ಅವನು ಹೇಳಿಬಿಟ್ಟ: ಆಟ ಮುಗಿದ ಮೇಲೆ ಮೈಗೆ ಮೆತ್ತಿದ ಎಣ್ಣೆ, ಬೆವರು, ಮಣ್ಣು ಹೆರೆದು ತೆಗೆಯುವ ಸಾಮಾನು. ಅದಿಲ್ಲದೆ ಮೈಗೆ ನೀರು ಹಾಕಿದರೆ ಕೆಸರಾಗುತ್ತದೆ ಅಷ್ಟೆ. ಚೀಟಿಯಲ್ಲಿ ಅದೇ ಇತ್ತು. ಅಲ್ಲಿ ನಿಂತಿದ್ದ ಸುಹಾಸ ಎಂಬ ಮರಾಠಿ ತರುಣ, ಮ್ಯೂಸಿಯಮ್ಮಿನಲ್ಲಿ ಬಂದವರಿಗೆ ವಿವರ ಹೇಳುವವನು, ತನ್ನ ಗುಂಪನ್ನೇ ಕರೆದುಕೊಂಡು ಅಜ್ಜನ ಹಿಂದೆ ಬಂದ. ಶೆಟ್ಟೆಪ್ಪ ಅರ್ಧ ಕನ್ನಡ, ಅರ್ಧ ಬಂಬಯ್ಯಾ ಹಿಂದಿಯಲ್ಲಿ ಕೈಕಾಲು ಆಡಿಸುತ್ತ ಹೇಳುತ್ತಿದ್ದ. ಹತ್ತಾರು ಜನ ಸೇರಿದರು. ಒಬ್ಬಾಕೆ ಫೋನು ಎತ್ತಿ ಹಿಡಿದು ವಿಡಿಯೋ ತೆಗೆಯತೊಡಗಿದಳು. ಅದನ್ನು ನೋಡಿ ಅಜ್ಜ ಎದೆಯನ್ನು ಇನ್ನೊಂದಂಗುಲ ಉಬ್ಬಿಸಿದ.

ಶೈಲಾ ಅವನನ್ನು ಕೋಣೆಯ ಕೊನೆಯ ಪೆಟ್ಟಿಗೆಯ ಮುಂದೆ ತಂದು ನಿಲ್ಲಿಸಿದಳು. ಒಳಗೆ ಒಂದು ನೀರಿನ ಕೊಡ, ಸುಟ್ಟ ಮಣ್ಣಿನದು. ಅದರ ಹೊಟ್ಟೆಯ ಮೇಲೆ ಇಬ್ಬರು ಜಟ್ಟಿಗಳು ತಲೆಗೆ ತಲೆ ಕೊಟ್ಟು, ಕೈಗೆ ಕೈ ಹೆಣೆದು ನಿಂತಿದ್ದರು. ಒಬ್ಬ ಕಪ್ಪು, ಒಬ್ಬ ಬಿಳಿ. ಎರಡೂ ಕಡೆ ನೋಡುವ ಮಂದಿ.

“ಅಜ್ಜಾ, ಈ ಕುಸ್ತಿ ಯಾರ ಗೆಲ್ತಾರ?” ಎಂದು ಕೇಳಿದಳು.

ಶೆಟ್ಟೆಪ್ಪ ಕನ್ನಡಕ ಹಾಕಿಕೊಂಡ. ಬಾಗಿ ನೋಡಿದ. ಪೆಟ್ಟಿಗೆಯ ಆ ಬದಿಗೆ ಹೋಗಿ ನೋಡಿದ, ಈ ಬದಿಗೆ ಬಂದು ನೋಡಿದ. ಕಣದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂರುವಂತೆ ಅಲ್ಲೇ ನೆಲದ ಮೇಲೆ ಕೂತು ನೋಡಿದ.

“ಇಲ್ನೋಡ್ರಿ,” ಎಂದು ಗುಂಪಿಗೆಲ್ಲ ಕೇಳುವಂತೆ ಶುರುಮಾಡಿದ. “ಇಷ್ಟೊತ್ತು ನೋಡಿದವ್ರಾಗ ಲಂಗೋಟಿ ಕಟ್ಟಿದಂವ ಈ ಬೆಳ್ಳನಂವ ಒಬ್ಬನs. ಮರ್ಯಾದಸ್ಥ. ಎರಡನೇದು, ಮೈ ನೋಡ್ರಿ. ಆ ಕರಿಯಂವ ಬರೇ ಎಣ್ಣಿ ಹಚ್ಚಿಕೊಂಡು ಬಂದಾನ. ಯಾಕ? ಹಿಡದ್ರ ಜಾರಬೇಕು. ಕಳ್ಳ! ಈ ಬೆಳ್ಳನಂವ ಮೈತುಂಬ ಮಣ್ಣು ತಿಕ್ಕೊಂಡಾನ. ಹಿಡೀ, ನನ್ನ ಮೈ ಜಾರೂದಿಲ್ಲ, ತಾಕತ್ತಿದ್ರ ಕೆಡವು ಅಂತಾನ. ಇವನs ಮಣ್ಣಿನ ಮಗ. ಮೂರನೇದು ಕಾಲು. ಕರಿಯನ ಭಾರ ಎಲ್ಲಾ ಹಿಮ್ಮಡಿ ಮ್ಯಾಲ ಐತಿ, ಆಗಲೇ ಹಿಂದಕ ಸರಿಯಾಕತ್ತಾನ. ಬೆಳ್ಳನಂವ ಬಟ್ಟಿನ ಮ್ಯಾಲ ಅದಾನ. ಇನ್ನೆರಡು ಉಸಿರು. ಕರಿಯಂವ ಚಿತ್!”

ಜನ ಚಪ್ಪಾಳೆ ತಟ್ಟಿದರು. ಶೈಲಾ ತಟ್ಟಲಿಲ್ಲ.

“ಅಜ್ಜಾ, ಪಕ್ಕಾ?”

“ಪಕ್ಕಾ ಅಂದ್ರ? ನಾ ಏನ ಇಸ್ಪೀಟ ಆಡಾಕತ್ತೀನಿ?”

“ಬದಲ್ ಮಾಡೋದಿಲ್ಲ?”

ಈ ಪ್ರಶ್ನೆಗೆ ಶೆಟ್ಟೆಪ್ಪನಿಗೆ ಸಿಟ್ಟೇ ಬಂತು. ಮೂವತ್ತೆರಡು ವರ್ಷದಲ್ಲಿ ಅವನು ಕೊಟ್ಟ ತೀರ್ಪುಗಳಿಗೆ ಲೆಕ್ಕವಿಲ್ಲ, ಹಿಂತೆಗೆದುಕೊಂಡದ್ದು ಒಂದೂ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಡಹುಟ್ಟಿದ ತಮ್ಮನೇ ಸೋತ ಎಂದು ಒಂದು ಸಲ ತೀರ್ಪು ಕೊಟ್ಟು, ಆ ತಮ್ಮ ಮೂರು ವರ್ಷ ಮನೆಯ ಹೊಸ್ತಿಲು ತುಳಿಯದೆ ಹೋದಾಗಲೂ ಅವನು ಕದಲಿರಲಿಲ್ಲ.

“ಶೆಟ್ಟೆಪ್ಪ ಹೇಳಿದ ಮ್ಯಾಲ ಹನುಮಪ್ಪನೂ ಬದಲ್ ಮಾಡೂದಿಲ್ಲ,” ಎಂದ.

“ಅಂವ ಅಲ್ಲಜ್ಜಾ,” ಎಂದಳು ಶೈಲಾ. “ಅಕಿ. ಬೆಳ್ಳನದು ಹುಡುಗಿ.”

ಶೆಟ್ಟೆಪ್ಪ ನಕ್ಕ. ಗುಂಪಿನತ್ತ ತಿರುಗಿ, ಈಗಿನ ಹುಡುಗರ ಬುದ್ಧಿ ನೋಡಿ ಎಂಬಂತೆ ಕೈ ತಿರುಗಿಸಿದ. ಆದರೆ ಸುಹಾಸ ನಗುತ್ತಿರಲಿಲ್ಲ. ಆ ಕಾಲದ ಗ್ರೀಕ್ ಕುಂಬಾರರ ಪದ್ಧತಿಯೇ ಹಾಗೆ ಎಂದು ಅವನು ಮೆಲ್ಲಗೆ ಹಿಂದಿಯಲ್ಲಿ ವಿವರಿಸಿದ: ಗಂಡಸಾದರೆ ಮೈಗೆ ಕಪ್ಪು, ಹೆಂಗಸಾದರೆ ಬಿಳಿ. ಅದು ಮೈಗೆ ತಿಕ್ಕಿದ ಮಣ್ಣಲ್ಲ. ಒಬ್ಬ ರಾಜ ಸತ್ತಾಗ ಅವನ ನೆನಪಿಗೆ ಆಟಗಳನ್ನು ಇಟ್ಟಿದ್ದರಂತೆ. ಕಾಡಿನಲ್ಲಿ ಬೆಳೆದ ಬೇಟೆಗಾರ ಹುಡುಗಿಯೊಬ್ಬಳು ಬಂದು, ಹೆಸರಾದ ವೀರನೊಬ್ಬನ ಜೊತೆ ಕುಸ್ತಿ ಹಿಡಿದು ಕೆಡವಿದಳಂತೆ. ಕೊಡದ ಮೇಲಿರುವುದು ಆ ಕುಸ್ತಿ. “ಕಾಕಾ, ನಿಮ್ಮ ತೀರ್ಪು ಸರಿಯಾಗಿದೆ. ಗೆದ್ದದ್ದು ಅವಳೇ,” ಎಂದು ಸುಹಾಸ ಕೈಮುಗಿದ.

ಶೆಟ್ಟೆಪ್ಪ ಯಾರ ಮಾತನ್ನೂ ನಂಬುವ ಪೈಕಿಯವನಲ್ಲ. ಎದ್ದು ಕೋಣೆಯ ಒಂದೊಂದೇ ಕೊಡವನ್ನು ನೋಡುತ್ತ ಹೋದ. ನೀರು ತುಂಬುವವಳು ಬೆಳ್ಳಗೆ. ರಥದಲ್ಲಿ ಕೂತ ಮದುವಣಗಿತ್ತಿ ಬೆಳ್ಳಗೆ, ಪಕ್ಕದಲ್ಲಿ ಮದುಮಗ ಕಪ್ಪಗೆ. ಹೆಣದ ಮುಂದೆ ಎದೆ ಬಡಿದುಕೊಳ್ಳುವವರು ಬೆಳ್ಳಗೆ. ಈಟಿ ಹಿಡಿದ ದೇವಿಯ ಮುಖವೂ ಬೆಳ್ಳಗೆ. ಒಂದು ಸುತ್ತು ಮುಗಿಸಿ ಮತ್ತೆ ಜಟ್ಟಿಗಳ ಕೊಡದ ಮುಂದೆ ಬಂದು ನಿಂತ. ವಿಡಿಯೋದಾಕೆ ಇನ್ನೂ ಫೋನು ಇಳಿಸಿರಲಿಲ್ಲ.

“ಅವ್ರ ದೇಶದಾಗ ಹನುಮಪ್ಪ ಇರಲಿಲ್ಲ,” ಎಂದ ಕೊನೆಗೆ.

“ನಾ ಹನುಮಪ್ಪನ್ನ ಕೇಳಿಲ್ಲಜ್ಜಾ, ನಿನ್ನ ಕೇಳೀನಿ,” ಎಂದಳು ಶೈಲಾ. ಇಷ್ಟು ದಿನ ತಡೆದಿಟ್ಟದ್ದು ಈಗ ಹೊರಗೆ ಬಂತು. ಕನ್ನಡ, ಹಿಂದಿ ಯಾವುದು ಬಾಯಿಗೆ ಸಿಕ್ಕಿತೋ ಅದರಲ್ಲೇ ಬಂತು. “ದೋ ಮಿನಿಟ್ ಪೆಹಲೇ ಅಕಿ ಮಣ್ಣಿನ ಮಗ ಇದ್ಲು. ಅಕಿ ಕಾಲು ಚಲೋ ಇತ್ತು, ಹಿಡಿತ ಚಲೋ ಇತ್ತು, ಲಂಗೋಟಿ ಭೀ ಚಲೋ ಇತ್ತು. ಲಡ್ಕೀ ಅಂತ ಗೊತ್ತಾದ ಮ್ಯಾಲ ಸೋತ್ಲೇನು? ಕಾಲು ಬದಲಾತೇನು?”

ಹಿಡಿದ ಕೈ ಬಿಡಿಸಿಕೊಳ್ಳುವ ಹದಿನೆಂಟು ಪಟ್ಟು ಬಲ್ಲ ಶೆಟ್ಟೆಪ್ಪ ಬಾಗಿಲ ಕಡೆ ತಿರುಗಿದ. “ನಡಿ, ಗಾಡಿ ತಪ್ಪತೈತಿ,” ಎಂದ. ಮೆಗಾಬ್ಲಾಕಿನ ದಿನವೂ ಹತ್ತು ನಿಮಿಷಕ್ಕೊಂದು ಲೋಕಲ್ ಇರುವ ಊರಿನಲ್ಲಿ ಗಾಡಿ ತಪ್ಪುತ್ತದಂತೆ! ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬುದು ಇದಕ್ಕೇ. ಚಪ್ಪಲಿ ಹಾಕಿಕೊಳ್ಳುವಾಗ ಎಡದ್ದು ಬಲಗಾಲಿಗೆ ಹಾಕಿಕೊಂಡು, ಬೈದುಕೊಂಡು, ತೆಗೆದು ಮತ್ತೆ ಹಾಕಿಕೊಂಡ.

ಗಾಡಿಯಲ್ಲಿ ಕುರ್ಲಾ ಬರುವ ತನಕ ಅವನು ಕಿಟಕಿಯಾಚೆಯೇ ನೋಡುತ್ತ ಕೂತ. ಮೊಮ್ಮಗಳು ತನ್ನನ್ನು ನಾಲ್ಕು ಜನರ ಮುಂದೆ ಬೇಕೆಂದೇ ಕೆಡವಿದಳು ಎಂಬ ಸಿಟ್ಟು ಒಂದು ಕಡೆ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದು. ತಾನು ತಪ್ಪು ಹೇಳಿದ್ದರೆ ನಕ್ಕು ಮರೆತುಬಿಡಬಹುದಿತ್ತು. ಹೇಳಿದ್ದು ಸರಿ, ಅದೇ ಈಗ ತೊಡಕಾಗಿತ್ತು.

ಮನೆಗೆ ಬಂದು ರಾಚವ್ವನ ಮುಂದೆ ಗೊಣಗಿದ. “ನಿನ್ನ ಮೊಮ್ಮಗಳು ನನ್ನ ಮಾನ ಕಳದ್ಲು.”

ರಾಚವ್ವ ಎಲ್ಲವನ್ನೂ ಆಗಲೇ ಶೈಲಾಳ ಬಾಯಿಂದ ಕೇಳಿಯಾಗಿತ್ತು. ಅವಳು ಚಹಾದ ಬಟ್ಟಲನ್ನು ಅವನ ಮುಂದೆ ಇಟ್ಟು, ಸೆರಗಿನಿಂದ ಕೈ ಒರೆಸಿಕೊಂಡಳು.

“ನಲವತ್ತು ವರ್ಷ ಆತು, ನಿಮ್ಮ ಮಣ್ಣಿಗೆ ಮಜ್ಜಿಗಿ ಕಡದು ಕೊಟ್ಟೀನಿ. ಕೊಡಪಾನ ತುಂಬ. ಒಂದ ವಾರ ತಪ್ಪಿಸಿಲ್ಲ. ನನ್ನ ಮಜ್ಜಿಗಿ ಒಳಗ ಹೋಗಬಹುದು, ನಾ ಹೋಗಬಾರದು. ನಾ ಎಂದಾದ್ರೂ ಕೇಳೀನೇನು?”

“ಈಗ ಯಾಕ ಕೇಳ್ತಿ?”

“ನಾ ಈಗೂ ಕೇಳವಲ್ಲೆ. ನನ್ನ ವಯಸ್ಸು ಹೋತು. ಅಕಿ ಕೇಳಾಕತ್ತಾಳ, ಅಕಿಗೆ ಹೇಳ್ರಿ,” ಎಂದು ರಾಚವ್ವ ಒಳಗೆ ಹೋದಳು. ಚಹಾಕ್ಕೆ ಸಕ್ಕರೆ ಹಾಕಿರಲಿಲ್ಲ. ಮರೆತು ಹೀಗೆ ಮಾಡುವವಳಲ್ಲ ಅವಳು.

ಸೋಮವಾರ ಬೆಳಗಿನ ತಾಲೀಮು ಎಂದಿನಂತೆ ನಡೆಯಿತು. ಹುಡುಗರು ದಂಡ, ಬಸ್ಕಿ ಹೊಡೆದರು, ಗುದ್ದಲಿಯಿಂದ ಮಣ್ಣು ಸಡಿಲಿಸಿದರು, ಜೋಡಿ ಜೋಡಿಯಾಗಿ ಆಡಿದರು. ಶೆಟ್ಟೆಪ್ಪ ಕಣದಂಚಿನಲ್ಲಿ ಕೂತು ಅವರ ಕಾಲುಗಳನ್ನು ನೋಡಿದ. ಗಂಡಿನದೋ ಹೆಣ್ಣಿನದೋ ಎಂದು ಪಾದಕ್ಕೆ ಹೆಸರಿರುವುದಿಲ್ಲ ಎಂಬ ಹಾಳು ಯೋಚನೆ ಎಂದೂ ಬರದದ್ದು ಅವತ್ತು ಬಂತು. ಉಗುಳಿ ಅದನ್ನು ಆಚೆ ಹಾಕಲು ನೋಡಿದ. ಹೋಗಲಿಲ್ಲ.

ಎಂಟಕ್ಕೆ ಹುಡುಗರು ನಲ್ಲಿಯ ಹತ್ತಿರ ಮೈ ತೊಳೆಯಲು ಹೋದರು. ಆಗ ತಾಲೀಮಿನ ಸೆಕ್ರೆಟರಿ ಶ್ರೀಶೈಲ ಬಂದ. ವಿಜಾಪುರದ ಕಡೆಯವನು, ಬೇಳೆಕಾಳಿನ ವ್ಯಾಪಾರಿ. ಜನ್ಮದಲ್ಲಿ ಲಂಗೋಟಿ ಕಟ್ಟಿದವನಲ್ಲ, ಆದರೆ ಭಾಷಣದಲ್ಲಿ ಅವನನ್ನು ಚಿತ್ ಮಾಡುವವರಿಲ್ಲ. ಪ್ರತಿ ರಾಜ್ಯೋತ್ಸವಕ್ಕೂ ಗ್ರೀಕರ ಯಾವುದೋ ನಾಟಕದಲ್ಲಿ ಕನ್ನಡ ಮಾತುಗಳಿದ್ದವು ಎಂದು ಎದೆ ತಟ್ಟಿಕೊಂಡು ಹೇಳಿ ಶಾಲು ಹೊದೆಸಿಕೊಳ್ಳುವವನು. ಅವನ ಕೈಯಲ್ಲಿ ಫೋನೂ ಒಂದು ಟೈಪು ಮಾಡಿದ ಕಾಗದವೂ ಇತ್ತು.

ಇಬ್ಬರೂ ತಾಲೀಮಿನ ಹೊರಗಿನ ಕಟ್ಟೆಯ ಮೇಲೆ ಕೂತರು. ಶ್ರೀಶೈಲ ಫೋನಿನಲ್ಲಿ ವಿಡಿಯೋ ಹಚ್ಚಿದ. ಮ್ಯೂಸಿಯಮ್ಮಿನಾಕೆ ತೆಗೆದದ್ದು, ರಾತ್ರಿ ಬೆಳಗಾಗುವುದರೊಳಗೆ ಮುಂಬಯಿಯ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಸುತ್ತಿ ಬಂದಿತ್ತು. ಶೆಟ್ಟೆಪ್ಪ ತನ್ನ ದನಿಯನ್ನು ತಾನೇ ಕೇಳಿದ: ‘ಇವನs ಮಣ್ಣಿನ ಮಗ. ಕರಿಯಂವ ಚಿತ್!’ ಆಮೇಲೆ ಶೈಲಾಳ ದನಿ. ಆಮೇಲೆ ಸುಮ್ಮನೆ ನಿಂತ ಒಬ್ಬ ಮುದುಕ.

“ಮಂದಿ ಫೋನ್ ಮ್ಯಾಲ ಫೋನ್ ಮಾಡಾಕತ್ತಾರ, ಪೈಲವಾನ್ರ,” ಎಂದ ಶ್ರೀಶೈಲ. “ಉಸ್ತಾದ್ರು ಹೆಂಗಸ್ರ ಕುಸ್ತಿ ಹೊಗಳ್ಯಾರ, ನಾಳೆ ತಾಲೀಮಿನ ಬಾಗಿಲಾ ತಗೀತಾರೇನು ಅಂತ ಕೇಳಾಕತ್ತಾರ. ಕಮಿಟಿ ಮಂದಿ ಗಾಬರಿ ಆಗ್ಯಾರ.”

“ಅದರಾಗೇನೈತಿ? ಗ್ರೀಕ್ರ ಕುಸ್ತಿ ಅದು.”

“ಗ್ರೀಕ್ರ ಗೊಡವಿ ನಮಗ್ಯಾಕ್ರಿ?” ಎಂದ ಶ್ರೀಶೈಲ. ರಾಜ್ಯೋತ್ಸವಕ್ಕೆ ಇನ್ನೂ ನಾಲ್ಕು ತಿಂಗಳು ಇದ್ದುದರಿಂದ ಹಾಗೆ ಹೇಳಲು ಅವನಿಗೆ ಅಡ್ಡಿಯಿರಲಿಲ್ಲ. “ಇಲ್ಲೊಂದು ಸಹಿ ಹಾಕಿಬಿಡ್ರಿ. ಮುಗೀತು.”

ಕಾಗದವನ್ನು ಅವನೇ ಓದಿ ಹೇಳಿದ. ಎರಡೇ ಸಾಲು. ಮ್ಯೂಸಿಯಮ್ಮಿನಲ್ಲಿ ನಾನು ಹೇಳಿದ್ದು ತಿಳಿಯದೆ ಹೇಳಿದ್ದು, ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ನಮ್ಮ ತಾಲೀಮಿನ ಕಣದಲ್ಲಿ ಹೆಂಗಸರಿಗೆ ಪ್ರವೇಶವಿಲ್ಲ.

ಶೆಟ್ಟೆಪ್ಪ ಪೆನ್ನು ತೆಗೆದುಕೊಂಡ. ಕಾಗದವನ್ನು ತೊಡೆಯ ಮೇಲೆ ಹಾಸಿಕೊಂಡ.

“ಎರಡನೇ ಸಾಲಿಗೆ ನಂದೇನೂ ತಕರಾರಿಲ್ಲ,” ಎಂದ. “ಮೊದಲನೇದು ಹೊಡದು ಹಾಕ್ರಿ.”

“ಯಾಕ್ರಿ?”

“ನಾ ತಿಳೀದs ಹೇಳಿಲ್ಲ. ಕಾಲು ನೋಡೀನಿ, ಕೈ ನೋಡೀನಿ, ಹೇಳೀನಿ. ತೀರ್ಪು ಹಿಂದಕ ತಗೊಳ್ಳೂ ಮಗ ಅಲ್ಲ ನಾ.”

“ಹಂಗ ಬರೂದಿಲ್ಲ, ಪೈಲವಾನ್ರ. ಮೊದಲನೇ ಸಾಲು ಇಲ್ಲದs ಎರಡನೇದು ನಿಲ್ಲೂದಿಲ್ಲ. ಅಕಿ ಗಂಡಸನ್ನ ಕೆಡವಿದ್ದು ಖರೇ ಅಂತ ನೀವs ಅಂದ ಮ್ಯಾಲ, ಹೆಂಗಸ್ರು ಮಣ್ಣಿಗೆ ಬರಬಾರದು ಅಂತ ಯಾವ ಬಾಯಿಲೆ ಹೇಳೂದು?”

ಶ್ರೀಶೈಲ ಜಾಣ. ಆದರೆ ಜಾಣತನವನ್ನು ಎಲ್ಲಿ ತೋರಿಸಬಾರದೋ ಅಲ್ಲಿ ತೋರಿಸಿಬಿಟ್ಟ. ಶೆಟ್ಟೆಪ್ಪ ಅವನ ಮುಖವನ್ನೇ ನೋಡಿದ. ಒಂದು ವಾರದಿಂದ ಮೊಮ್ಮಗಳು ಹೇಳಿಯೂ ತಲೆಗೆ ಹೋಗದಿದ್ದುದನ್ನು, ಹೆಂಡತಿ ಸಕ್ಕರೆಯಿಲ್ಲದ ಚಹಾ ಕೊಟ್ಟು ಹೇಳಿದ್ದನ್ನು, ಈ ಬೇಳೆ ವ್ಯಾಪಾರಿ ಎರಡು ಮಾತಿನಲ್ಲಿ ಬಿಡಿಸಿ ಮುಂದಿಟ್ಟಿದ್ದ. ಒಂದೋ ತನ್ನ ಕಣ್ಣು ಸುಳ್ಳು, ಇಲ್ಲವೇ ಈ ಕಟ್ಟಳೆ ಸುಳ್ಳು. ಎರಡನ್ನೂ ಕಿಸೆಯಲ್ಲಿಟ್ಟುಕೊಂಡು ಬದುಕಲು ಇನ್ನು ಬರುವುದಿಲ್ಲ.

ಆಗ ಒಳಗಿನಿಂದ ದೊಪ್ಪೆಂದು ಸದ್ದು ಕೇಳಿತು. ಮಣ್ಣಿಗೆ ಮೈ ಬಿದ್ದ ಸದ್ದು. ಆ ಸದ್ದನ್ನು ಶೆಟ್ಟೆಪ್ಪ ನಿದ್ದೆಯಲ್ಲೂ ಗುರುತಿಸಬಲ್ಲ. ಹುಡುಗರೆಲ್ಲ ನಲ್ಲಿಯ ಹತ್ತಿರ ಕಣ್ಣೆದುರಿಗೇ ಇದ್ದರು. ಹಾಗಿದ್ದರೆ ಒಳಗೆ ಯಾರು?

ಇಬ್ಬರೂ ಎದ್ದು ಒಳಗೆ ಧಾವಿಸಿದರು. ಹಿಂಬಾಗಿಲು ತೆರೆದಿತ್ತು. ಕಣದ ಅಂಚಿನಲ್ಲಿ ಎರಡು ಜೊತೆ ಚಪ್ಪಲಿ ಸಾಲಾಗಿ ಬಿಟ್ಟಿದ್ದವು. ಕೆಮ್ಮಣ್ಣಿನ ನಡುವೆ ಟ್ರ್ಯಾಕ್ ಪ್ಯಾಂಟು, ಟೀಶರ್ಟಿನ ಶೈಲಾ. ಅವಳ ಎದುರಿಗೆ ಆಗಷ್ಟೇ ಮಣ್ಣಿನಿಂದ ಎದ್ದು ನಿಲ್ಲುತ್ತಿದ್ದ ಯಕ್ಷಿತಾ. ಇಬ್ಬರ ಹಣೆಯ ಮೇಲೂ ಕೆಮ್ಮಣ್ಣಿನ ಬೊಟ್ಟು. ಮಣ್ಣಿಗೆ ನಮಸ್ಕಾರ ಮಾಡಿಯೇ ಇಳಿದಿದ್ದರು. ಆದರೆ ಮನುಷ್ಯರನ್ನು ಯಾರನ್ನೂ ಕೇಳಿರಲಿಲ್ಲ.

“ಏ! ಹೊರಗ ಬರ್ರಿ!” ಎಂದು ಶ್ರೀಶೈಲ ಕಿರುಚಿದ. “ಮೈಲಿಗಿ ಮಾಡಿದ್ರಲ್ಲ! ಮಣ್ಣೆಲ್ಲಾ ಅಗದು ಚೆಲ್ಲಬೇಕಾಗತೈತಿ ಈಗ! ಪೈಲವಾನ್ರ, ಹೇಳ್ರಿ ನಿಮ್ಮ ಹುಡುಗಿಗೆ!”

ಯಕ್ಷಿತಾ ಹೆದರಿ ಒಂದು ಹೆಜ್ಜೆ ಹಿಂದಿಟ್ಟಳು. “ನಾವು ಹೋಗುವನಾ ಶೈಲಾ?” ಎಂದಳು ಮೆಲ್ಲಗೆ.

“ನೈ,” ಎಂದಳು ಶೈಲಾ. ಅವಳ ಕಣ್ಣು ಅಜ್ಜನ ಮೇಲಿತ್ತು. ಆ ಕಣ್ಣಿನಲ್ಲಿ ಬೇಡಿಕೆ ಇರಲಿಲ್ಲ, ಹೆದರಿಕೆ ಇತ್ತು. ಹೆದರಿಕೆಯ ಮೇಲೆ ಕಾಲೂರಿ ನಿಂತಿದ್ದಳು ಹುಡುಗಿ. “ನೀ ಬೈದ್ರೂ ನಾ ಹೋಗೂದಿಲ್ಲಜ್ಜಾ. ಎತ್ತಿ ಹೊರಗ ಹಾಕಬೇಕು ನೀ. ಹಾಕ್.” ಹಾಗೆಂದವಳೇ ಯಕ್ಷಿತಾಳ ಕುತ್ತಿಗೆಗೆ ಕೈ ಹಾಕಿ ಎಳೆದುಕೊಂಡಳು. ಯಕ್ಷಿತಾ ಹಲ್ಲು ಕಚ್ಚಿ ಅವಳ ತೋಳು ಹಿಡಿದಳು. ಕುಸ್ತಿ ಮತ್ತೆ ಹತ್ತಿತು.

ನಲ್ಲಿಯ ಹತ್ತಿರದ ಹುಡುಗರು ಒದ್ದೆ ಮೈಯಲ್ಲೇ ಓಡಿಬಂದು ಬಾಗಿಲಲ್ಲಿ ಗುಂಪಾದರು. ಎಲ್ಲರೂ ಉಸ್ತಾದನ ಮುಖ ನೋಡುತ್ತಿದ್ದರು. ಒಂದು ಗದರಿಕೆ ಸಾಕಿತ್ತು, ಹತ್ತು ಕೈ ಇಳಿದು ಆ ಹುಡುಗಿಯರನ್ನು ಎತ್ತಿ ಹೊರಗಿಡುತ್ತಿದ್ದವು. ಶೆಟ್ಟೆಪ್ಪ ಹನುಮಪ್ಪನ ಕಡೆ ನೋಡಲಿಲ್ಲ, ಶ್ರೀಶೈಲನ ಕಡೆಯೂ ನೋಡಲಿಲ್ಲ. ಕಣದ ಅಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂತ. ಕಣ್ಣು ಕಿರಿದು ಮಾಡಿದ. ಹೆಗಲಿಗೆ ಹೆಗಲು ತಿಕ್ಕುತ್ತಿತ್ತು, ಮಣ್ಣು ಸಿಡಿಯುತ್ತಿತ್ತು. ಅವನ ಕುತ್ತಿಗೆಯ ನರ ಉಬ್ಬಿತು.

“ಏ ಶೈಲಾ!” ಎಂದು ತಗಡಿನ ಮಾಡು ಅದುರುವಂತೆ ಗುಡುಗಿದ.

ಬಾಗಿಲಲ್ಲಿದ್ದ ಹುಡುಗರು ತಲೆ ತಗ್ಗಿಸಿದರು. ಶ್ರೀಶೈಲ ಉಸಿರು ಬಿಟ್ಟ.

“ಎಡಗೈ ಸಡಿಲಾತಲ್ಲೋ ಕತ್ತೆ! ಕುತ್ತಿಗಿ ಬಿಡಬ್ಯಾಡ, ಒತ್ತು! ಒತ್ತು! ಏ ಯಕ್ಷಿತಾ, ನೀ ಏನ ನೋಡಾಕತ್ತಿ, ಅಕಿ ಮೊಣಕಾಲಿಗೆ ಕೈ ಹಾಕವಾ!”

ಶ್ರೀಶೈಲ ಸಹಿಯಾಗದ ಕಾಗದ ಹಿಡಿದುಕೊಂಡು ಅವನ ಹಿಂದೆ ಬಂದು ನಿಂತ. “ಪೈಲವಾನ್ರ, ಏನಿದು? ಮಣ್ಣಿನ ಗತಿ?”

ಶೆಟ್ಟೆಪ್ಪ ತಿರುಗಿ ನೋಡಲಿಲ್ಲ.

“ಮಣ್ಣು ಅಗೀಬೇಕಂದ್ರ ಸಂಜೀಕ ಗುದ್ದಲಿ ತಗೊಂಡು ಬರ್ರಿ,” ಎಂದ. “ಈಗ ತಾಲೀಮು ನಡದೈತಿ. ಚಪ್ಪಲಿ ಹೊರಗ ಬಿಡ್ರಿ.”